ಎಂಆರ್‌ಸಿಪಿ ಪಾರ್ಟ್ 1: ಕ್ಲಿನಿಕಲ್ ಸೈನ್ಸ್, ಸ್ಟ್ಯಾಟಿಸ್ಟಿಕ್ಸ್ ಎರಡರಲ್ಲೂ ಮುಗ್ಗರಿಸಿದೆ. ನೀವು ಹೇಗೆ ಓದಿದ್ರಿ?

ಪಿಎಚ್‌ಸಿ_ಕಟ್ಟೆ

ಎಲ್ಲರಿಗೂ ನಮಸ್ಕಾರ. ಹಾಸನದ ಕಡೆ ಒಂದು ಪಿಎಚ್‌ಸಿಯಲ್ಲಿ ಕಡ್ಡಾಯ ಗ್ರಾಮೀಣ ಸೇವೆಯಲ್ಲಿದ್ದೀನಿ. ಹೋದ ಸಲ ಎಂಆರ್‌ಸಿಪಿ (ಬ್ರಿಟನ್ನಿನ ಫಿಜಿಶಿಯನ್ ಪರೀಕ್ಷೆ) ಪಾರ್ಟ್ 1 ಬರೆದೆ. ಸ್ಕೇಲ್ ಮಾಡಿದ ಅಂಕ 540 ಬೇಕಿತ್ತು, 512 ಬಂತು. ವಿಷಯವಾರು ಅಂಕ ನೋಡಿದರೆ ಕಾರ್ಡಿಯಾಲಜಿ, ಇನ್‌ಫೆಕ್ಷನ್ ಎಲ್ಲ ಚೆನ್ನಾಗೇ ಹೋಗಿದೆ. ಕ್ಲಿನಿಕಲ್ ಸೈನ್ಸ್ (ಅನಾಟಮಿ, ಫಿಸಿಯಾಲಜಿ, ಜೆನೆಟಿಕ್ಸ್ ಥರದ ಮೂಲ ವಿಷಯ) ಮಾತ್ರ ನೆಲ ಕಚ್ಚಿದೆ. ಎರಡು ಪೇಪರ್ ಸೇರಿ 200 ಪ್ರಶ್ನೆ, ಅದರಲ್ಲಿ 25 ಇದರದ್ದೇ. ಆ 25ರೊಳಗೆ 5 ಸ್ಟ್ಯಾಟಿಸ್ಟಿಕ್ಸ್.

ಫಸ್ಟ್ ಇಯರ್ ಪುಸ್ತಕ ಅಟ್ಟಕ್ಕೆ ಹಾಕಿ ಎಂಟು ವರ್ಷ ಆಯ್ತು. ಸೆನ್ಸಿಟಿವಿಟಿ ಸೂತ್ರ ರಾತ್ರಿ ಬಾಯಿಪಾಠ ಮಾಡ್ತೀನಿ, ಬೆಳಿಗ್ಗೆ ಓಪಿಡಿ ಮುಗಿಯೋಷ್ಟರಲ್ಲಿ ಛೇದದಲ್ಲಿ ಯಾರು, ಅಂಶದಲ್ಲಿ ಯಾರು ಅನ್ನೋದೇ ಮರೆತಿರುತ್ತೆ. ಕ್ವೆಶ್ಚನ್ ಬ್ಯಾಂಕ್ ಎರಡು ಸಲ ಮುಗಿಸಿದ್ದೀನಿ. ಮತ್ತೆ ಅದನ್ನೇ ಮಾಡಲಾ, ಇಲ್ಲ ಮೊದಲಿಂದ ಪುಸ್ತಕ ಹಿಡಿಯಲಾ?

ಶಾರ್ಟ್‌ಕಟ್_ಶೂರ

5 ಪ್ರಶ್ನೆ ಬಿಟ್ಟಾಕಿ ಗುರು. ನೆಗೆಟಿವ್ ಮಾರ್ಕಿಂಗ್ ಇಲ್ಲ. ಐದು ಆಯ್ಕೆ, ಐದು ಪ್ರಶ್ನೆ, ಎಲ್ಲಕ್ಕೂ ‘ಸಿ’ ಒತ್ತಿ. ಒಂದಂತೂ ಸಿಕ್ಕೇ ಸಿಗುತ್ತೆ. ಆ ಟೈಮಲ್ಲಿ ನ್ಯೂರಾಲಜಿ ಓದಿ.

ಲೆಕ್ಕದ_ಮೇಷ್ಟ್ರು

ನಾನು ಡಾಕ್ಟರ್ ಅಲ್ಲ, ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡ್ತೀನಿ. ಮಗಳು ಈ ಪರೀಕ್ಷೆಗೆ ಓದ್ತಿದ್ದಾಳೆ, ಅದಕ್ಕೇ ಇಲ್ಲಿ ಇಣುಕಿದೆ. ಶೂರರೇ, ‘ಸಿಕ್ಕೇ ಸಿಗುತ್ತೆ’ ಅನ್ನಬೇಡಿ. ಸರಾಸರಿ ಒಂದು ಸಿಗುತ್ತೆ, ಅಷ್ಟೆ. ಒಂದು ಪ್ರಶ್ನೆ ತಪ್ಪಾಗುವ ಸಾಧ್ಯತೆ 0.8. ಅದನ್ನು ಐದು ಸಲ ಗುಣಿಸಿ, 0.33 ಬರುತ್ತೆ. ನಿಮ್ಮ ಉಪದೇಶ ಕೇಳಿದ ಮೂವರಲ್ಲಿ ಒಬ್ಬರಿಗೆ ಸೊನ್ನೆ.

ಶಾರ್ಟ್‌ಕಟ್_ಶೂರ

ಮೇಷ್ಟ್ರೇ, ಬಂದ ಕೂಡಲೇ ಕಿವಿ ಹಿಂಡಿದ್ರಲ್ಲ 😄

ಧಾರವಾಡ_ಪೇಢಾ

ಪಿಎಚ್‌ಸಿ ಡಾಕ್ಟ್ರೇ, ನಾನು ಇಂಗ್ಲೆಂಡಿನಾಗ ಮೆಡಿಕಲ್ ರೆಜಿಸ್ಟ್ರಾರ್ ಇದ್ದೀನ್ರಿ. ಮೊದಲನೇ ಸಲ ನಾನೂ ನಿಮ್ಮಂಗ ಸೂತ್ರ ನಂಬಿ ಕೆಟ್ಟೆ. ಸೂತ್ರ ಬ್ಯಾಡ್ರಿ. ಜನಾನ್ನ ಎಣಿಸ್ರಿ.

ಹೆಂಗಂದ್ರ, ನಿಮ್ಮ ಪಿಎಚ್‌ಸಿಗೆ ಮಳೆಗಾಲದಾಗ ಜ್ವರ ಅಂತ 1000 ಮಂದಿ ಬಂದ್ರು ಅಂತ ಹಿಡೀರಿ. ಅದರಾಗ 300 ಮಂದಿಗೆ ಖರೇನ ಡೆಂಗಿ. ನಿಮ್ಮ ಹತ್ರ ಒಂದು ಕಿಟ್ ಐತಿ, ಲೆಕ್ಕ ಸುಲಭ ಆಗಲಿ ಅಂತ ಸೆನ್ಸಿಟಿವಿಟಿ (ರೋಗ ಇದ್ದವರಾಗ ಪಾಸಿಟಿವ್ ಬರೋರು) 90%, ಸ್ಪೆಸಿಫಿಸಿಟಿ (ರೋಗ ಇಲ್ಲದವರಾಗ ನೆಗೆಟಿವ್ ಬರೋರು) 90% ಅಂತ ಇಟ್ಕೊಳ್ಳೋಣ. ಹಾಳಿ ಮ್ಯಾಲ ನಾಲ್ಕು ಮನಿ ಬರೀರಿ. ಎಡಗಡೆ ರೋಗ ಇದ್ದವರು, ಬಲಗಡೆ ಇಲ್ಲದವರು. ಮ್ಯಾಲ ಪಾಸಿಟಿವ್, ಕೆಳಗ ನೆಗೆಟಿವ್.

ರೋಗ ಇದ್ದ 300ರಾಗ ಪಾಸಿಟಿವ್ 270, ತಪ್ಪಿಸ್ಕೊಂಡವರು 30. ರೋಗ ಇಲ್ಲದ 700ರಾಗ ಸುಮ್ಮಸುಮ್ಮನ ಪಾಸಿಟಿವ್ ಬಂದವರು 70, ನೆಗೆಟಿವ್ 630. ಈಗ ಪಾಸಿಟಿವ್ ಚೀಟಿ ಹಿಡ್ಕೊಂಡು ನಿಮ್ಮ ಮುಂದ ನಿಂತವರು ಒಟ್ಟು 340. ಅವರಾಗ ಖರೇ ರೋಗಿ 270. ಅಂದ್ರ 79%. ಇದ ನೋಡ್ರಿ ಪಾಸಿಟಿವ್ ಪ್ರಿಡಿಕ್ಟಿವ್ ವ್ಯಾಲ್ಯೂ.

ಈಗ ಬ್ಯಾಸಿಗಿಗೆ ಬರ್ರಿ. ಅದ ಕಿಟ್, ಅದ ನರ್ಸ್, ಅದ 1000 ಮಂದಿ. ಆದ್ರ ಡೆಂಗಿ ಇರೋದು 20 ಮಂದಿಗೆ ಅಷ್ಟ. ಪಾಸಿಟಿವ್ 18, ತಪ್ಪಿದ್ದು 2. ಉಳಿದ 980ರಾಗ ಸುಳ್ಳು ಪಾಸಿಟಿವ್ 98. ಚೀಟಿ ಹಿಡ್ಕೊಂಡು ನಿಂತವರು 116, ಖರೇ ರೋಗಿ 18. ಬರೇ 15.5%! ಕಿಟ್ ಕೆಟ್ಟಿಲ್ಲ, ಹವಾ ಬದಲಾಗೈತಿ.

ಪರೀಕ್ಷೆಯೊಳಗ ‘ಪ್ರಿವೆಲೆನ್ಸ್ (ರೋಗ ಇದ್ದವರ ಪ್ರಮಾಣ) ಕಡಿಮೆ ಆದ್ರ ಏನಾಗ್ತದ’ ಅಂತ ಪ್ರಶ್ನೆ ಬಂದ್ರ ಈ ಎರಡು ಹಾಳಿ ನೆನಪಿಟ್ರ ಸಾಕು. ಪಿಪಿವಿ ಬೀಳ್ತದ, ಎನ್‌ಪಿವಿ (ನೆಗೆಟಿವ್ ಬಂದವರಾಗ ಖರೇನ ರೋಗ ಇಲ್ಲದವರ ಪ್ರಮಾಣ) ಏರ್ತದ, ಸೆನ್ಸಿಟಿವಿಟಿ ಸ್ಪೆಸಿಫಿಸಿಟಿ ಅಲ್ಲೇ ಇರ್ತಾವ.

ಪಿಎಚ್‌ಸಿ_ಕಟ್ಟೆ

ಸಾರ್, ಇದು ನನ್ನ ಜೀವನದ ಕಥೆ! ಮಾರ್ಚಿನಲ್ಲಿ ಕಿಟ್ ಪಾಸಿಟಿವ್ ಬಂದವರನ್ನೆಲ್ಲ ಪ್ಲೇಟ್‌ಲೆಟ್‌ಗೆ ಅಂತ ತಾಲ್ಲೂಕಿಗೆ ಓಡಿಸ್ತಿದ್ದೆ. ಅಲ್ಲಿನವರು ಬೈಕೊಂಡು ವಾಪಸ್ ಕಳಿಸ್ತಿದ್ರು.

ಇನ್ನೊಂದು ಕೇಳ್ಬೇಕು. ಲೈಕ್ಲಿಹುಡ್ ರೇಶಿಯೋ ಯಾಕೆ ಬೇಕು? ಈ ನಾಲ್ಕು ಮನೆ ಇದ್ದ ಮೇಲೆ?

ಧಾರವಾಡ_ಪೇಢಾ

ಅದು ಅದ ಲೆಕ್ಕದ ಅಡ್ಡದಾರಿ. ಸೆನ್ಸಿಟಿವಿಟಿ 0.9 ಭಾಗಿಸು ಸುಳ್ಳು ಪಾಸಿಟಿವ್ ಪ್ರಮಾಣ 0.1, ಅಂದ್ರ 9. ಬ್ಯಾಸಿಗಿ ಲೆಕ್ಕದಾಗ ರೋಗ ಇದ್ದವರು 20, ಇಲ್ಲದವರು 980, ಅಂದ್ರ 1ಕ್ಕ 49. 9ರಿಂದ ಗುಣಿಸ್ರಿ, 9ಕ್ಕ 49. ಒಟ್ಟು 58ರಾಗ 9 ಅಂದ್ರ ಮತ್ತ 15.5%. ಎರಡೂ ದಾರಿ ಒಂದ ಊರಿಗೆ ಹೋಗ್ತಾವ. ಆದ್ರ ಪರೀಕ್ಷೆ ಹಾಲಿನಾಗ ತಲಿ ಕೆಟ್ಟಾಗ ನಾನು ನಾಲ್ಕು ಮನಿನ ಬರೀತೀನಿ.

ಕುಡ್ಲದ_ಬಂಗುಡೆ

ಎಲ್ಲ ಸರಿ ಮಾರಾಯ್ರೆ, ನನಗೆ ಈ ಸ್ಟ್ಯಾಂಡರ್ಡ್ ಡೀವಿಯೇಶನ್ ಮತ್ತು ಸ್ಟ್ಯಾಂಡರ್ಡ್ ಎರರ್‌ನದ್ದೇ ದೊಡ್ಡ ರಗಳೆ. ಮಾಕ್ ಟೆಸ್ಟಲ್ಲಿ ಹೀಗೆ ಇತ್ತು: 36 ಜನರ ಸಿಸ್ಟಾಲಿಕ್ ಬಿಪಿ ಸರಾಸರಿ 130, ಎಸ್‌ಡಿ 12. ನಾನು 12ನ್ನು 36ರ ವರ್ಗಮೂಲ 6ರಿಂದ ಭಾಗಿಸಿ 2 ತೆಗೆದೆ, ಅದರ ಎರಡು ಪಟ್ಟು ಆಚೆ ಈಚೆ ಹಿಡಿದೆ, 126ರಿಂದ 134 ಅಂತ ಬಂತು. ‘95% ರೋಗಿಗಳು ಇದರೊಳಗೆ ಇದ್ದಾರೆ’ ಅಂತ ಒತ್ತಿದೆ. ತಪ್ಪು ಅಂತ ಬಂತು! ಲೆಕ್ಕ ಸರಿ ಉಂಟಲ್ಲ?

ಲೆಕ್ಕದ_ಮೇಷ್ಟ್ರು

ಲೆಕ್ಕ ಸರಿ, ವಾಕ್ಯ ತಪ್ಪು. 126ರಿಂದ 134 ಅನ್ನುವುದು ರೋಗಿಗಳ ಬಗ್ಗೆ ಅಲ್ಲ, ಸರಾಸರಿಯ ಬಗ್ಗೆ. ನಿಜವಾದ ಸರಾಸರಿ ಎಲ್ಲಿರಬಹುದು ಅನ್ನುವ ಅಂದಾಜಿನ ಅಗಲ ಅದು. ರೋಗಿಗಳು ಎಲ್ಲಿ ಹರಡಿದ್ದಾರೆ ಅಂತ ಕೇಳಿದರೆ ಎಸ್‌ಡಿಯನ್ನೇ ಹಿಡಿಯಬೇಕು. 12ರ ಎರಡು ಪಟ್ಟು ಆಚೆ ಈಚೆ, ಅಂದರೆ ಹತ್ತಿರ ಹತ್ತಿರ 106ರಿಂದ 154.

ತರಗತಿಯಲ್ಲಿ ನಾನು ಸಂತೆಯ ತಕ್ಕಡಿ ಉದಾಹರಣೆ ಕೊಡ್ತೀನಿ. ಬುಟ್ಟಿಯಲ್ಲಿರೋ ಬದನೆಕಾಯಿ ಒಂದೊಂದು ಒಂದೊಂದು ತೂಕ, ಅದು ಎಸ್‌ಡಿ. ನೂರು ಬುಟ್ಟಿ ತೂಗಿದರೂ ಆ ಹರಡಿಕೆ ಕಡಿಮೆ ಆಗಲ್ಲ, ಬದನೆಕಾಯಿ ಬದನೆಕಾಯಿಯೇ. ಆದರೆ ‘ಈ ಊರಿನ ಬದನೆಕಾಯಿ ಸರಾಸರಿ ಇಷ್ಟು ತೂಗುತ್ತೆ’ ಅನ್ನೋ ನಿಮ್ಮ ಮಾತು ಹೆಚ್ಚು ಹೆಚ್ಚು ಗಟ್ಟಿಯಾಗ್ತಾ ಹೋಗುತ್ತೆ. ಅದು ಸ್ಟ್ಯಾಂಡರ್ಡ್ ಎರರ್. ಕೆಲವು ಲೇಖಕರು ಗ್ರಾಫು ಚಂದ ಕಾಣಲಿ ಅಂತ ಎಸ್‌ಡಿ ಜಾಗದಲ್ಲಿ ಎಸ್‌ಇಎಂ, ಅಂದರೆ ಈ ಸ್ಟ್ಯಾಂಡರ್ಡ್ ಎರರನ್ನೇ ಹಾಕ್ತಾರೆ, ಚಿಕ್ಕದಾಗಿ ಕಾಣುತ್ತಲ್ಲ. ಅಲ್ಲಿ ಹುಷಾರಾಗಿರಿ.

ಪಿ ವ್ಯಾಲ್ಯೂ ಬಗ್ಗೆಯೂ ಒಂದು ಮಾತು ಹೇಳಿಬಿಡ್ತೀನಿ. ‘ಪಿ 0.03 ಅಂದ್ರೆ ಔಷಧ ಕೆಲಸ ಮಾಡದಿರೋ ಸಾಧ್ಯತೆ 3%’ ಅಂತ ನನ್ನ ಮಗಳೂ ಹೇಳಿದಳು. ಅಲ್ಲ. ಔಷಧಕ್ಕೆ ಏನೂ ಪರಿಣಾಮವೇ ಇಲ್ಲ ಅಂತ ಮೊದಲು ಒಪ್ಪಿಕೊಂಡು, ಹಾಗಿದ್ದೂ ಇಷ್ಟು ಅಥವಾ ಇನ್ನೂ ದೊಡ್ಡ ವ್ಯತ್ಯಾಸ ಆಕಸ್ಮಿಕವಾಗಿ ಕಾಣಿಸೋ ಸಾಧ್ಯತೆ ಎಷ್ಟು ಅನ್ನೋದು ಪಿ. ಐದು ಆಯ್ಕೆಗಳಲ್ಲಿ ಮಗಳು ಹೇಳಿದ ವಾಕ್ಯ ಯಾವಾಗಲೂ ಒಂದು ಇರುತ್ತಂತೆ. ಅದೇ ಬಲೆ.

ಕುಡ್ಲದ_ಬಂಗುಡೆ

ಬದನೆಕಾಯಿ ಅರ್ಥ ಆಯ್ತು ಸರ್. ಮಟ್ಟುಗುಳ್ಳ ಅಂತ ಅಂದುಕೊಂಡೆ, ಇನ್ನೂ ಲಾಯ್ಕ್ ಅರ್ಥ ಆಯ್ತು.

ಶಾರ್ಟ್‌ಕಟ್_ಶೂರ

ಮೇಷ್ಟ್ರೇ, ನಿಜ ಹೇಳಿ. ಈ ಟಿ ಟೆಸ್ಟು, ಕೈ ಸ್ಕ್ವೇರು, ಇದೆಲ್ಲ ನಮ್ಮಂಥವರಿಗೆ ಹತ್ತೋ ವಿದ್ಯೆನಾ? ಬಿಳಿಯರು ಬಿಡುವಾಗಿ ಕೂತು ಮಾಡಿದ್ದು.

ಲೆಕ್ಕದ_ಮೇಷ್ಟ್ರು

ಬಿಡುವಾಗಿ ಕೂತವರಲ್ಲಪ್ಪ. ಟಿ ಟೆಸ್ಟ್ ಮಾಡಿದ ಗಾಸೆಟ್ ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯ ನೌಕರ. ಅಲ್ಲಿ ಮಾದರಿಗಳು ನಾಲ್ಕೋ ಐದೋ ಸಿಗುತ್ತಿದ್ದವು, ಅಷ್ಟರಲ್ಲೇ ತೀರ್ಮಾನ ಮಾಡಬೇಕಿತ್ತು. ಸ್ವಂತ ಹೆಸರು ಹಾಕದೆ 1908ರಲ್ಲಿ ‘ಸ್ಟೂಡೆಂಟ್’ ಅಂತ ಪ್ರಕಟಿಸಿದರು. ಅದಕ್ಕೇ ಸ್ಟೂಡೆಂಟ್ಸ್ ಟಿ.

ಇನ್ನು ನಮ್ಮಂಥವರು ಅಂದಿರಲ್ಲ. ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ 1920ರಲ್ಲಿ ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ. ಮನೆಮಾತು ತೆಲುಗು, ನಿಜ. ಆದರೆ ಹಡಗಲಿ ಮಲ್ಲಿಗೆಯ ಜೊತೆ ನಾನು ಅವರನ್ನೂ ಲೆಕ್ಕಕ್ಕೆ ಹಿಡಿಯೋನು. 25ರ ಹರೆಯದಲ್ಲಿ ಬರೆದ ಲೇಖನದಿಂದಲೇ ಕ್ರೇಮರ್–ರಾವ್ (ಅಂದಾಜು ಎಷ್ಟು ನಿಖರ ಆಗಬಹುದು ಅನ್ನೋದರ ಮಿತಿ) ಅನ್ನೋ ಹೆಸರು ಜಗತ್ತಿನ ಪುಸ್ತಕಗಳಿಗೆ ಹೋಯ್ತು.

ಶಾರ್ಟ್‌ಕಟ್_ಶೂರ

ಸರಿ ಸರಿ, ಸೋತೆ. ಎನ್‌ಎನ್‌ಟಿ (ಒಬ್ಬರಿಗೆ ಲಾಭ ಆಗೋಕೆ ಎಷ್ಟು ಜನಕ್ಕೆ ಔಷಧ ಕೊಡಬೇಕು ಅನ್ನೋ ಲೆಕ್ಕ) ಹೇಳಿಕೊಡಿ. ಅದೊಂದು ಓದ್ತೀನಿ.

ಧಾರವಾಡ_ಪೇಢಾ

ಅದನ್ನ ನಾ ಹೇಳ್ತೀನಿ, ಖರೇ ಟ್ರಯಲ್ ಇಟ್ಕೊಂಡು. 1994ರಾಗ ಬಂದ 4ಎಸ್. ಸಿಂವಾಸ್ಟ್ಯಾಟಿನ್ ಅನ್ನೋ ಕೊಲೆಸ್ಟ್ರಾಲ್ ಗುಳಿಗಿ ಮತ್ತ ಪ್ಲಸೀಬೋ (ಔಷಧ ಇಲ್ಲದ್ದು), ಒಟ್ಟು 4444 ಹೃದ್ರೋಗಿಗಳು. ಪ್ಲಸೀಬೋ ತಗೊಂಡ 2223ರಾಗ ತೀರ್ಕೊಂಡವರು 256. ಗುಳಿಗಿ ತಗೊಂಡ 2221ರಾಗ 182. ಮೀಡಿಯನ್ 5.4 ವರ್ಷ ನೋಡ್ಕೊಂಡ್ರು.

‘ಸಾವು ಹತ್ರ ಹತ್ರ 30% ಇಳೀತು’ ಅಂತ ಕಂಪನಿ ರೆಪ್ ಹೇಳ್ತಾನ. ಸುಳ್ಳಲ್ಲ, ಅದು ರಿಲೇಟಿವ್. ಆದ್ರ ಎಬ್ಸಲ್ಯೂಟ್ ನೋಡ್ರಿ, 11.5%ರಿಂದ 8.2%ಕ್ಕ ಇಳೀತು, ವ್ಯತ್ಯಾಸ 3.3%. ನೂರನ್ನ ಇದರಿಂದ ಭಾಗಿಸಿದ್ರ ಹತ್ರ ಹತ್ರ 30. ಮೂವತ್ತು ಮಂದಿಗೆ ಐದು ವರ್ಷದ ಮ್ಯಾಲ ಗುಳಿಗಿ ಕೊಟ್ರ ಒಬ್ಬರ ಜೀವ ಉಳೀತದ.

ಇಲ್ಲೊಂದು ಮಜಾ ಐತಿ. ಸಾರಾಂಶದಾಗ 12% ಮತ್ತ 8% ಅಂತ ಸರಿಮಾಡಿ ಬರದಾರ. ಅದನ್ನ ಹಿಡಿದ್ರ ವ್ಯತ್ಯಾಸ 4%, ಎನ್‌ಎನ್‌ಟಿ 25! ಶೇಕಡಾದ ಬೆನ್ನು ಹತ್ತಿದ್ರ 25, ತಲಿ ಎಣಿಸಿದ್ರ 30. ನಾ ಮೊದಲ ಹೇಳಿದ್ನಲ್ರಿ, ಜನಾನ್ನ ಎಣಿಸ್ರಿ ಅಂತ. ಪ್ರಶ್ನೆಯೊಳಗ ಸಂಖ್ಯೆ ಕೊಟ್ಟಿದ್ರ ಸಂಖ್ಯೆನ ಹಿಡೀರಿ. ದಶಾಂಶ ಉಳಿದ್ರ ಮ್ಯಾಲಿನ ಪೂರ್ಣಾಂಕಕ್ಕ ಹೋಗೋದು ವಾಡಿಕೆ, ಆಯ್ಕೆಗಳನ್ನ ನೋಡ್ಕೊಂಡು ಒತ್ತರಿ.

ರಾತ್ರಿಪಾಳಿ

ಎಲ್ಲರೂ ಸ್ಟ್ಯಾಟಿಸ್ಟಿಕ್ಸ್ ಹಿಂದೇನೇ ಬಿದ್ದಿದ್ದೀರಿ. ಉಳಿದ 20 ಪ್ರಶ್ನೆ ಯಾರು ಓದ್ತಾರೆ? ನಾನು ಮೈಸೂರಿನವಳು, ಈಗ ಯಾರ್ಕ್‌ಶೈರ್. ಮೂರನೇ ಸಲಕ್ಕೆ ಪಾಸಾದೆ, ಆಗ ಮಗುಗೆ ಏಳು ತಿಂಗಳು. ಪುಸ್ತಕ ಮೊದಲಿಂದ ಓದೋಕೆ ಪುರುಸೊತ್ತೇ ಇರ್ಲಿಲ್ಲ. ಅದಕ್ಕೆ ಒಂದು ನಿಯಮ ಮಾಡ್ಕೊಂಡೆ. ಪ್ರತಿ ಪಾಳಿಗೆ ಒಬ್ಬ ರೋಗಿ, ಆ ರೋಗಿಯಿಂದ ಒಂದು ‘ಯಾಕೆ’. ಉತ್ತರ ಬಸ್ಸಲ್ಲಿ ಓದೋದು.

ಪಿಎಚ್‌ಸಿ ಅವರೇ, ನಿಮ್ಮ ಹತ್ರ ನಮಗಿಂತ ಒಳ್ಳೆ ಪಠ್ಯಪುಸ್ತಕ ಇದೆ. ಕ್ರಿಮಿನಾಶಕ ಕುಡಿದವರು ಬರ್ತಾರಲ್ಲ. ಅಟ್ರೋಪಿನ್ ಕೊಟ್ರಿ, ಜೊಲ್ಲು ನಿಂತ್ತು, ಎದೆ ಗೊರಗೊರ ನಿಂತ್ತು. ಆದರೂ ತೊಡೆಯ ಮಾಂಸಖಂಡ ಹುಳು ಹರಿದ ಹಾಗೆ ಅದುರ್ತಾನೇ ಇದೆ. ಯಾಕೆ? ಅಟ್ರೋಪಿನ್ ಮಸ್ಕರಿನಿಕ್ ರಿಸೆಪ್ಟರನ್ನಷ್ಟೇ ತಡೆಯುತ್ತೆ, ಮಾಂಸಖಂಡದಲ್ಲಿರೋದು ನಿಕೋಟಿನಿಕ್. ಒಂದು ರೋಗಿಯಲ್ಲಿ ಆಟೋನಾಮಿಕ್ ಫಾರ್ಮಕಾಲಜಿ ಅರ್ಧ ಮುಗೀತು.

ಕುಕ್ಕರಗಾಲಲ್ಲಿ ಗಂಟೆಗಟ್ಟಲೆ ಕೂತು ಕಳೆ ಕಿತ್ತೋರು ಎದ್ದಾಗ ಪಾದ ಎತ್ತೋಕಾಗ್ತಿಲ್ಲ ಅಂತ ಬರೋದುಂಟು. ಮಂಡಿ ಹೊರಬದಿಯಲ್ಲಿ ಫಿಬುಲಾ ಮೂಳೆಯ ಕುತ್ತಿಗೆ ಹತ್ರ ಕಾಮನ್ ಪೆರೋನಿಯಲ್ ನರ ಅದುಮಿರುತ್ತೆ. ಇಲ್ಲ, ಬೆನ್ನಲ್ಲಿ ಎಲ್5 ನರದ ಬೇರಿನದ್ದೋ? ಪಾದ ಒಳಕ್ಕೆ ತಿರುಗಿಸಿ ಅನ್ನಿ. ಶಕ್ತಿ ಇದ್ರೆ ಪೆರೋನಿಯಲ್, ಅದೂ ಸೋತಿದ್ರೆ ಎಲ್5 ಅನುಮಾನಿಸಿ. ಒಳಕ್ಕೆ ತಿರುಗಿಸೋ ಟಿಬಿಯಾಲಿಸ್ ಪೋಸ್ಟೀರಿಯರ್‌ಗೆ ಹೋಗೋದು ಟಿಬಿಯಲ್ ನರ, ಅದಕ್ಕೆ ಎಲ್5 ಬೇಕು. ಅನಾಟಮಿಯ ಈ ಪ್ರಶ್ನೆ ನಾನು ಮೂರು ಸಲವೂ ಬೇರೆ ಬೇರೆ ವೇಷದಲ್ಲಿ ಅಭ್ಯಾಸಕ್ಕೆ ಮಾಡಿದ್ದೀನಿ.

ನಮ್ಮ ಕಡೆ ಚಳಿಗಾಲದಲ್ಲಿ ಕಾರ್ಬನ್ ಮೊನಾಕ್ಸೈಡ್. ಹಳೇ ಬಾಯ್ಲರ್, ಕಿಟಕಿ ಮುಚ್ಚಿದ ಮನೆ, ಗಂಡ ಹೆಂಡತಿ ಇಬ್ಬರಿಗೂ ತಲೆನೋವು. ಆಕ್ಸಿಜನ್ ಅಳೆಯೋ ಬೆರಳಿನ ಪ್ರೋಬ್ 98 ತೋರಿಸ್ತಿರುತ್ತೆ, ಯಾಕಂದ್ರೆ ಆ ಯಂತ್ರಕ್ಕೆ ಆಕ್ಸಿಜನ್ ಹೊತ್ತ ಹೀಮೋಗ್ಲೋಬಿನ್, ಕಾರ್ಬನ್ ಮೊನಾಕ್ಸೈಡ್ ಹೊತ್ತ ಹೀಮೋಗ್ಲೋಬಿನ್ ಎರಡೂ ಒಂದೇ ಥರ ಕಾಣುತ್ತೆ. ಜೊತೆಗೆ ಆಕ್ಸಿಜನ್ ಕರ್ವ್ (ಹೀಮೋಗ್ಲೋಬಿನ್ ಆಕ್ಸಿಜನ್ನನ್ನ ಎಷ್ಟು ಬಿಗಿಯಾಗಿ ಹಿಡಿದಿದೆ ಅನ್ನೋ ಗ್ರಾಫು) ಎಡಕ್ಕೆ ಜರುಗಿ, ಇರೋ ಆಕ್ಸಿಜನ್ನನ್ನೂ ಅಂಗಾಂಶಕ್ಕೆ ಬಿಟ್ಟುಕೊಡಲ್ಲ. ಜ್ವರ, ಆಸಿಡ್, ಕಾರ್ಬನ್ ಡೈಆಕ್ಸೈಡ್, ಕೆಂಪು ರಕ್ತಕಣದೊಳಗಿನ 2,3-ಡಿಪಿಜಿ ಹೆಚ್ಚಾದ್ರೆ ಬಲಕ್ಕೆ. ದುಡಿಯೋ ಮಾಂಸಖಂಡ ಬಿಸಿಯಾಗಿ ಹುಳಿಯಾಗಿರುತ್ತೆ, ಅದಕ್ಕೆ ಆಕ್ಸಿಜನ್ ಬೇಕು, ಕರ್ವ್ ಬಲಕ್ಕೆ ಹೋಗಿ ಬಿಟ್ಟುಕೊಡುತ್ತೆ. ಇಷ್ಟು ಗೊತ್ತಿದ್ರೆ ಪಟ್ಟಿ ಬೇಡ.

ಇಮ್ಯುನಾಲಜಿಗೆ ಮಾತ್ರ ನನ್ನ ಹತ್ರ ಕಥೆ ಇಲ್ಲ. ಕಾಂಪ್ಲಿಮೆಂಟ್ ಪ್ರೋಟೀನುಗಳಲ್ಲಿ ಸಿ5ರಿಂದ ಸಿ9 ಕೊರತೆ ಅಂದ್ರೆ ನೈಸೀರಿಯಾ ಸೋಂಕು, ನಾಲ್ಕು ಹೈಪರ್‌ಸೆನ್ಸಿಟಿವಿಟಿ, ಯಾವ ಇಂಟರ್‌ಲ್ಯೂಕಿನ್ ಯಾರಿಂದ... ಬಾತ್‌ರೂಮ್ ಕನ್ನಡಿಗೆ ಚೀಟಿ ಅಂಟಿಸಿ ಬಾಯಿಪಾಠ ಮಾಡಿದ್ದೇ. ಎಲ್ಲವನ್ನೂ ‘ಅರ್ಥ ಮಾಡ್ಕೊಂಡು ಓದಿ’ ಅನ್ನೋರನ್ನ ನಂಬಬೇಡಿ.

ಪಿಎಚ್‌ಸಿ_ಕಟ್ಟೆ

ಮೇಡಂ, ಕೈ ಮುಗಿದೆ. ಕಳೆ ಕಿತ್ತೋರ ಪಾದಕ್ಕೆ ನಾನು ಬಿ12 ಇಂಜೆಕ್ಷನ್ ಕೊಟ್ಟು ಕಳಿಸಿದ್ದೀನಿ, ಹೇಳೋಕೆ ನಾಚಿಕೆ.

ಜೆನೆಟಿಕ್ಸ್ ಕೇಳಲೇಬೇಕು, ಪರೀಕ್ಷೆಗೂ ಹೌದು, ಬೇರೆ ಕಾರಣಕ್ಕೂ ಹೌದು. ಮೊನ್ನೆ ಓಪಿಡಿಗೆ ಒಬ್ಬ ಅಜ್ಜಿ ಬಂದ್ರು. ಕಿರಿಮಗನಿಗೆ ಸ್ವಂತ ಮಗಳ ಮಗಳನ್ನೇ, ಅಂದ್ರೆ ಹುಡುಗನ ಅಕ್ಕನ ಮಗಳನ್ನೇ ತರಬೇಕು ಅಂತ ಮಾತಾಗಿದೆ. ಅಜ್ಜಿಯ ಇನ್ನೊಬ್ಬ ಮಗ ಥಲಸೀಮಿಯಾ ಮೇಜರ್, ಚಿಕ್ಕಂದಿನಿಂದ ರಕ್ತ ಹಾಕಿಸ್ತಾ ಇದ್ದು ತೀರ್ಕೊಂಡಿದ್ದಾನೆ. ‘ಹುಟ್ಟೋ ಕೂಸಿಗೂ ಹಂಗೇ ಆಗ್ತದಾ ಡಾಕ್ಟ್ರೇ’ ಅಂದ್ರು. ಹುಡುಗನೂ ಅವನ ಅಕ್ಕನೂ ಆರೋಗ್ಯವಾಗಿದ್ದಾರೆ. ಭಾವ ದೂರದ ಊರಿನವರು, ಅವರ ಕಡೆ ಯಾರಿಗೂ ಇಲ್ಲ.

ನಾನು ಲೆಕ್ಕ ಹಾಕಿದ್ದು: ಹುಡುಗ ಕ್ಯಾರಿಯರ್ (ರೋಗದ ಒಂದು ಜೀನ್ ಹೊತ್ತಿದ್ರೂ ರೋಗ ಇಲ್ಲದವನು) ಆಗಿರೋದು 1/2, ಅಕ್ಕ 1/2, ಅವಳ ಮಗಳು 1/4. ಮಗುಗೆ ಬರೋದು 1/4. ಗುಣಿಸಿದ್ರೆ 1/32. ಸರೀನಾ?

ಕುಡ್ಲದ_ಬಂಗುಡೆ

ನನಗೂ 1/32 ಬಂತು.

ರಾತ್ರಿಪಾಳಿ

ಇಬ್ಬರೂ ಪರೀಕ್ಷೆಯ ಅತಿ ಹಳೇ ಹಳ್ಳಕ್ಕೆ ಬಿದ್ರಿ. ತಂದೆ ತಾಯಿ ಇಬ್ಬರೂ ಕ್ಯಾರಿಯರ್ ಆಗಿದ್ರೆ ನಾಲ್ಕು ಸಾಧ್ಯತೆ: ಒಂದು ರೋಗ, ಎರಡು ಕ್ಯಾರಿಯರ್, ಒಂದು ಪೂರ್ತಿ ಸರಿ. ಆದರೆ ಹುಡುಗ ಆರೋಗ್ಯವಾಗಿ ಮದುವೆ ವಯಸ್ಸಿಗೆ ಬಂದಿದ್ದಾನೆ. ರೋಗದ ಮನೆ ಹೊಡೆದು ಹಾಕಿ. ಉಳಿದ ಮೂರರಲ್ಲಿ ಎರಡು ಕ್ಯಾರಿಯರ್, ಅಂದ್ರೆ 2/3. ಅಕ್ಕನಿಗೂ 2/3. ಧಾರವಾಡದವರ ನಾಲ್ಕು ಮನೆ ಥರಾನೇ, ಎದುರಿಗೆ ಯಾರು ನಿಂತಿದ್ದಾರೆ ಅಂತ ನೋಡಿ ಛೇದ ಬದಲಾಯಿಸಬೇಕು.

ಪಿಎಚ್‌ಸಿ_ಕಟ್ಟೆ

ಹಾಗಾದ್ರೆ ಹುಡುಗಿ 2/3ರ ಅರ್ಧ, 1/3. 2/3 × 1/3 × 1/4... 1/18! ಸುಮಾರು ಎರಡು ಪಟ್ಟು ಹತ್ತಿರ ಹೆಚ್ಚಾಯ್ತಲ್ಲ. ಪುಣ್ಯಕ್ಕೆ ಅಜ್ಜಿಗೆ 1/32 ಅಂತ ಹೇಳಿಲ್ಲ.

ಲೆಕ್ಕದ_ಮೇಷ್ಟ್ರು

1/18 ಸರಿ. ಭಾವ ಕ್ಯಾರಿಯರ್ ಅಲ್ಲ ಅಂತ ಹಿಡಿದರೆ ಮಾತ್ರ.

ರಾತ್ರಿಪಾಳಿ

ಹೋಲಿಕೆಗೆ ಪರೀಕ್ಷೆಯ ಮಾಮೂಲಿ ಪ್ರಶ್ನೆ ಹೇಳ್ತೀನಿ. ಇಲ್ಲಿನವರಿಗೆ ಸಿಸ್ಟಿಕ್ ಫೈಬ್ರೋಸಿಸ್ (ಇದೂ ತಂದೆ ತಾಯಿ ಇಬ್ಬರಿಂದಲೂ ಜೀನ್ ಬಂದ್ರೆ ಮಾತ್ರ ಬರೋ ರೋಗ) 2500 ಹೆರಿಗೆಗೆ ಒಂದು. ವರ್ಗಮೂಲ ತೆಗೆದ್ರೆ ಜೀನ್ 50ಕ್ಕೆ ಒಂದು, ಅದರ ಎರಡರಷ್ಟು ಅಂದ್ರೆ ಕ್ಯಾರಿಯರ್ 25ಕ್ಕೆ ಒಬ್ಬರು. ರೋಗಿಯ ಆರೋಗ್ಯವಂತ ತಮ್ಮ ಹೊರಗಿನವಳನ್ನ ಮದುವೆಯಾದ್ರೆ 2/3 × 1/25 × 1/4, ಅಂದ್ರೆ 1/150. ನಮ್ಮಲ್ಲಿ ಸೋದರಮಾವನ ಸಂಬಂಧ ಬಂದ ಕೂಡಲೇ ಅದೇ ಥರದ ಲೆಕ್ಕ 1/18ಕ್ಕೆ ಏರುತ್ತೆ. ಇನ್‌ಬ್ರೀಡಿಂಗ್ ಕೋಎಫಿಶಿಯಂಟ್ (ಮಗುಗೆ ಒಂದು ಜೀನಿನ ಎರಡೂ ಪ್ರತಿ ಒಬ್ಬರೇ ಪೂರ್ವಜರಿಂದ ಬರೋ ಸಾಧ್ಯತೆ) ಕೇಳಿದ್ರೆ ಸೋದರಮಾವ–ಅಕ್ಕನ ಮಗಳ ಮಗುಗೆ 1/8, ಅತ್ತೆ ಮಕ್ಕಳು ಮಾವನ ಮಕ್ಕಳ ಮಗುಗೆ 1/16.

ಆದ್ರೆ ಪಿಎಚ್‌ಸಿ ಅವರೇ, ಅಜ್ಜಿಗೆ 1/18 ಅಂತಲೂ ಹೇಳಬೇಡಿ. ಅದು ಪರೀಕ್ಷೆಯ ಉತ್ತರ. ಹುಡುಗ ಹುಡುಗಿ ಇಬ್ಬರದೂ ರಕ್ತ ತೆಗೆದು ಎಂಸಿವಿ (ಕೆಂಪು ರಕ್ತಕಣದ ಸರಾಸರಿ ಗಾತ್ರ, ಕ್ಯಾರಿಯರ್‌ಗೆ ಸಾಮಾನ್ಯವಾಗಿ ಕಡಿಮೆ ಇರುತ್ತೆ) ಮತ್ತು ಎಚ್‌ಬಿ ಎ2 (ಒಂದು ಬಗೆಯ ಹೀಮೋಗ್ಲೋಬಿನ್) ಮಾಡಿಸಿ. ಎ2 3.5% ದಾಟಿದ್ರೆ ಕ್ಯಾರಿಯರ್ ಅಂತ ಹಿಡೀಬಹುದು. ಐರನ್ ಕೊರತೆ ಇದ್ರೆ ಎ2 ಕೆಳಗೆ ತೋರಿಸಬಹುದು, ಫೆರಿಟಿನ್ನೂ ನೋಡಿ. ಇಬ್ಬರೂ ಕ್ಯಾರಿಯರ್ ಆದ್ರೆ 1/4. ಒಬ್ಬರು ಅಲ್ಲ ಅಂದ್ರೆ ಮಗುಗೆ ಮೇಜರ್ ಬರೋ ಹೆದರಿಕೆ ಇಲ್ಲ.

ಧಾರವಾಡ_ಪೇಢಾ

ಬರೋಬ್ಬರಿ. ಟೆಸ್ಟ್ ಮಾಡಿದ ಮ್ಯಾಲ 18 ಅನ್ನೋ ಸಂಖ್ಯೆನ ಇರೂದಿಲ್ಲ.

ಶಾರ್ಟ್‌ಕಟ್_ಶೂರ

ನಾನು ಎಲ್ಲಕ್ಕೂ ‘ಸಿ’ ಅನ್ನೋನು. ಈ ಥ್ರೆಡ್ ಸೇವ್ ಮಾಡ್ಕೊಂಡೆ.

ಪಿಎಚ್‌ಸಿ_ಕಟ್ಟೆ

ಇವತ್ತು ಬೆಳಿಗ್ಗೆ ಇಬ್ಬರೂ ಬಂದಿದ್ರು, ಅಜ್ಜಿ ಜೊತೆಗೇ. ಎ2 ನಮ್ಮ ತಾಲ್ಲೂಕಲ್ಲಿ ಆಗಲ್ಲ, ಸ್ಯಾಂಪಲ್ ಹಾಸನಕ್ಕೆ ಕಳಿಸಿದೆ. ಇಲ್ಲೇ ಮಾಡಿದ ಸಿಬಿಸಿಯಲ್ಲಿ ಹುಡುಗನ ಎಂಸಿವಿ 66, ಹುಡುಗಿಯದ್ದು 88. ಹುಡುಗಿಗೆ ಎಚ್‌ಬಿಯೂ ಚೆನ್ನಾಗಿದೆ. ಅಜ್ಜಿಗೆ ಏನೂ ಹೇಳಿಲ್ಲ, ಮಂಗಳವಾರ ಬನ್ನಿ ಅಂದಿದ್ದೀನಿ. ಮದುವೆ ಛತ್ರಕ್ಕೆ ಆಗ್ಲೇ ಮುಂಗಡ ಕೊಟ್ಟಿದ್ದಾರಂತೆ.